ಮುನಿಶಾಮಪ್ಪನ ತೋಳು ಹಾಕಿದ ಮಾರ್ಕು

ಸಕ್ಕರೆ ಕಾಯಿಲೆ ಅನ್ನ ತಿನ್ನುವವರಿಗೆ ಮಾತ್ರ ಬರುತ್ತದೆ ಎಂಬುದು ಸೊಣ್ಣೇನಹಳ್ಳಿಯ ಮುನಿಶಾಮಪ್ಪ ಯಾರ ಸಹಾಯವೂ ಇಲ್ಲದೆ ಸ್ವಂತವಾಗಿ ಕಂಡುಹಿಡಿದ ಸತ್ಯ. ಇದನ್ನು ಅವನು ಹತ್ತು ವರ್ಷಗಳಿಂದ ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದ. ಕೆಲಮಂಗಲದ ಬಸ್ ಸ್ಟ್ಯಾಂಡಿನಲ್ಲಿ, ಹೊಸೂರಿಗೆ ಹೋಗುವ ಕಂಪನಿ ಬಸ್ಸಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಎಲ್ಲೆಂದರಲ್ಲಿ. ಅದರಲ್ಲೂ ಹೆಂಡತಿಯ ಅಣ್ಣ ವೆಂಕಟರಮಣಪ್ಪ ಎದುರಿಗೆ ಸಿಕ್ಕರೆ ಅವನ ದನಿ ಎರಡು ಪಟ್ಟಾಗುತ್ತಿತ್ತು. ತಳಿ ಎಂಬ ಊರಿನಲ್ಲಿ ಎಲೆಕೋಸು ಬೆಳೆಯುವ ಆ ಬಾವ ಊಟಕ್ಕೆ ಮುಂಚೆ ಜೇಬಿನಿಂದ ಸಕ್ಕರೆ ಮಾತ್ರೆ ತೆಗೆಯುವುದೇ ತಡ, ಮುನಿಶಾಮಪ್ಪ ಮುದ್ದೆ ಮುರಿಯುತ್ತ ಶುರು ಮಾಡುತ್ತಿದ್ದ.

"ನೋಡಿ ಬಾವ, ಐವತ್ನಾಲ್ಕು ವರ್ಷದಿಂದ ರಾಗಿ ತಿಂದಿರೋ ಮೈ ಇದು. ಸಕ್ಕರೆ ನನ್ ಹತ್ರ ಬರ್ಬೇಕು ಅಂದ್ರೆ ಮೊದ್ಲು ಪರ್ಮಿಶನ್ ಕೇಳ್ಬೇಕು."

ವೆಂಕಟರಮಣಪ್ಪ ಮಾತ್ರೆ ನುಂಗಿ, ನೀರು ಕುಡಿದು, ಎಲೆಯ ಕಡೆ ಬಗ್ಗಿ ಊಟ ಶುರು ಮಾಡುತ್ತಿದ್ದರು.

ಆ ವರ್ಷ ಅವರೆಕಾಯಿ ಕಾಲದಲ್ಲಿ ಸಕ್ಕರೆ ಪರ್ಮಿಶನ್ ಕೇಳದೆಯೇ ಬಂದುಬಿಟ್ಟಿತು. ಮುನಿಶಾಮಪ್ಪ ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ನಟ್ಟು ಬೋಲ್ಟು ತಯಾರಿಸುವ ಒಂದು ಕಾರ್ಖಾನೆಯ ಸ್ಟೋರಿನಲ್ಲಿದ್ದ. ವರ್ಷಕ್ಕೊಮ್ಮೆ ಅಲ್ಲಿ ಎಲ್ಲರ ರಕ್ತ ಪರೀಕ್ಷೆ. ಚೀಟಿ ಬಂದ ದಿನ ಕಂಪನಿಯ ನರ್ಸಮ್ಮ ಸರಳಾ ಅವನನ್ನು ಕರೆಸಿದಳು. ಕೃಷ್ಣಗಿರಿಯ ಹುಡುಗಿ, ಸಮಾಧಾನ ಹೇಳುವಾಗ ಕನ್ನಡ, ಕೋಪ ಬಂದರೆ ತಮಿಳು.

"ಅಣ್ಣಾ, ಗಾಬರಿ ಆಗ್ಬೇಡಿ. ನೀವು ಸಕ್ಕರೆ ಕಾಯಿಲೆ ಗಡೀಲಿ, ಅತ್ತಿಬೆಲೆ ಚೆಕ್‌ಪೋಸ್ಟ್ ಹತ್ರ ನಿಂತಿದ್ದೀರ ಅಷ್ಟೇ. ಇನ್ನೂ ದಾಟಿಲ್ಲ. ಈಗ್ಲೇ ಹಿಂದಕ್ಕೆ ತಿರುಗಿದ್ರೆ ಒಳ್ಳೇದು."

"ನಾನಾ? ರಾಗಿ ತಿಂದೋನಾ?"

"ನೀವೇ."

ಹಾಗೆ ಹೇಳಿ ಅವನ ಎಡದೋಳಿನ ಹಿಂಭಾಗಕ್ಕೆ ಬಿಳಿಯ ಬಿಲ್ಲೆಯೊಂದನ್ನು ಟಕ್ಕನೆ ಅಂಟಿಸಿದಳು. ಅದರ ಅಡಿಯಲ್ಲಿ ಕೂದಲಿನಂಥ ಒಂದು ಎಳೆ ಚರ್ಮದೊಳಗೆ ಕೂತು ಮೈಯಲ್ಲಿ ಸಕ್ಕರೆ ಎಷ್ಟಿದೆ ಎಂದು ಹಗಲೂ ರಾತ್ರಿ ಫೋನಿಗೆ ತಿಳಿಸುತ್ತಿರುತ್ತದಂತೆ. ಹದಿನಾಲ್ಕು ದಿನ ಇರಬೇಕು. ಯಾವುದು ತಿಂದರೆ ಎಷ್ಟು ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ, ಎಲ್ಲ ಗೊತ್ತಾಗುತ್ತದೆ.

"ಮಿಷಿನ್ ಐತೆ ಅಂತ ಪಥ್ಯ ಮಾಡಿ ನನಗೆ ಟೋಪಿ ಹಾಕ್ಬೇಡಿ. ಎಪ್ಪವುಂ ಪೋಲ ಸಾಪ್ಪಿಡುಂಗ. ಯಾವಾಗ್ಲೂ ತಿನ್ನೋ ಹಂಗೇ ತಿನ್ನಿ, ತಿಂದಿದ್ದನ್ನ ಬರೆದಿಡಿ."

ಮುನಿಶಾಮಪ್ಪನಿಗೆ ಕಾಯಿಲೆಯ ಚಿಂತೆ ಅಷ್ಟಾಗಿ ಹತ್ತಲಿಲ್ಲ. ಹತ್ತಿದ್ದು ಬಾವನ ಚಿಂತೆ. ಇದು ಹೆಂಡತಿ ಲಕ್ಷ್ಮಿದೇವಮ್ಮನಿಗೆ ಗೊತ್ತಾದರೆ ಹತ್ತು ನಿಮಿಷದಲ್ಲಿ ಅವಳ ಅಣ್ಣನಿಗೆ ಗೊತ್ತಾಗುತ್ತದೆ. ಅಣ್ಣನಿಗೆ ಗೊತ್ತಾದರೆ ತಳಿಗೆ ಗೊತ್ತಾಗುತ್ತದೆ. ಹತ್ತು ವರ್ಷದ ಭಾಷಣ ಹಾಲಿನ ಗಾಡಿಯಲ್ಲಿ ಊರೂರಿಗೆ ವಾಪಸು ಹೊರಡುತ್ತದೆ. ಆದ್ದರಿಂದ ಅವನು ಚಳಿಗಾಲವನ್ನು ನಂಬಿಕೊಂಡು, ಸ್ವೆಟರು ಹಾಕಿಕೊಂಡು, ಎರಡು ದಿನ ಮಾನ ಉಳಿಸಿಕೊಂಡ.

ಮೂರನೆಯ ದಿನ ಸಂಜೆ ಕೆಲಮಂಗಲದಲ್ಲಿ ಕಂಪನಿ ಬಸ್ಸಿಳಿದು, ಎಂದಿನಂತೆ ಮುನಿಕೃಷ್ಣನ ಟೀ ಅಂಗಡಿಗೆ ಹೋದ. ಒಲೆಯ ಪಕ್ಕದ ಬೆಂಚೇ ಸಿಕ್ಕಿತು. ಟೀ ಕುಡಿದು, ಬನ್ನು ತಿಂದು, ಅರ್ಧ ಗಂಟೆ ಊರ ಸುದ್ದಿ ಆಡುವಷ್ಟರಲ್ಲಿ ಬೆವರು ಕಿತ್ತುಕೊಂಡು ಬಂತು. ಮೈಮರೆತು ಸ್ವೆಟರು ಬಿಚ್ಚಿದ.

"ಏನ್ಲಾ ಮುನಿಶಾಮಿ, ತೋಳಿಗೇನೋ ಬಿಲ್ಲೆ ಅಂಟಿಸ್ಕೊಂಡಿದ್ದೀಯ? ಶೋಕಿನಾ, ಹರಕೇನಾ?" ಎಂದ ಮುನಿಕೃಷ್ಣ, ಟೀ ಸೋಸುವುದನ್ನು ನಿಲ್ಲಿಸಿ.

ಅಂಗಡಿಯಲ್ಲಿ ಎಂಟು ಜನರಿದ್ದರು. ಅವರಲ್ಲಿ ಇಬ್ಬರು ತಳಿ ಬಸ್ಸಿಗೆ ಕಾಯುತ್ತಿದ್ದವರು. ಮುನಿಶಾಮಪ್ಪನ ಬಾಯಿ ಅವನ ಬುದ್ಧಿಗೆ ಕಾಯಲಿಲ್ಲ.

"ಇದಾ? ಕಂಪ್ನೀದು. ಊಟ ತಿಂಡಿ ಪರೀಕ್ಷೆ ಮಾಡೋ ಮಿಷಿನ್ನು. ಕ್ಯಾಂಟೀನ್ ಕಮಿಟಿಗೆ ನನ್ನ ಹಾಕವ್ರೆ. ನಾನೇನು ತಿಂದ್ರೂ ಇದು ಮಾರ್ಕ್ ಹಾಕ್ತದೆ."

ಬೇರೆ ಊರಾಗಿದ್ದರೆ ಈ ಸುಳ್ಳು ಅಲ್ಲೇ ನಕ್ಕು ಸಾಯುತ್ತಿತ್ತು. ಆದರೆ ಆ ಸೀಮೆಯಲ್ಲಿ ದಿನಾ ಬೆಳಗ್ಗೆ ಡೈರಿಗೆ ಹಾಲು ಹಾಕದ ಮನೆಯಿಲ್ಲ. ಹಾಲಿನೊಳಕ್ಕೆ ಒಂದು ಕಡ್ಡಿ ಇಳಿಬಿಟ್ಟರೆ ಮಿಷಿನ್ನು ಫ್ಯಾಟ್ ಎಷ್ಟೆಂದು ಹೇಳುತ್ತದೆ, ನಂಬರು ಜಾಸ್ತಿ ಬಂದರೆ ಹಾಲು ಒಳ್ಳೆಯದು. ಹಾಲಿಗೆ ಮಾಡಿದವರು ಊಟಕ್ಕೆ ಮಾಡುವುದಿಲ್ಲವೇ? ಎಂಟು ತಲೆಗಳೂ ಒಟ್ಟಿಗೆ ಆಡಿದವು.

"ಹಂಗಾದ್ರೆ ನನ್ ಟೀಗೆ ಎಷ್ಟು, ನೋಡ್ಲಾ!"

ಮುನಿಶಾಮಪ್ಪ ಫೋನು ತೆಗೆದ. ನೂರೈವತ್ತಾರು.

"ಎಷ್ಟಕ್ಕೆ?"

ಇದೊಂದನ್ನು ಅವನು ಯೋಚಿಸಿರಲಿಲ್ಲ. ಮಗ ಮುನೀಶ್ ಪ್ಲಸ್ ಟೂ ಓದುವಾಗ ಪ್ರತಿ ವಿಷಯಕ್ಕೂ ಇನ್ನೂರು ಮಾರ್ಕಿತ್ತು ಎಂಬುದು ನೆನಪಾಯಿತು.

"ಇನ್ನೂರಕ್ಕೆ" ಎಂದ.

"ಇನ್ನೂರಕ್ಕೆ ನೂರೈವತ್ತಾರು!" ಮುನಿಕೃಷ್ಣ ಟೀ ಪಾತ್ರೆಯನ್ನೇ ಎತ್ತಿ ಹಿಡಿದ. "ನನ್ ಜನ್ಮದಲ್ಲಿ ಯಾವ ಪರೀಕ್ಷೇಲೂ ಇಷ್ಟು ತಗೊಂಡೋನಲ್ಲ ಕಣ್ಲಾ! ನಮ್ ಮೇಷ್ಟ್ರು ಇರ್ಬೇಕಿತ್ತು!"

ಮಾರನೆಯ ದಿನ ಅಂಗಡಿಯ ಮುಂದೆ ಸೀಮೆಸುಣ್ಣದಲ್ಲಿ ಬರೆದ ಹಲಗೆ ನೇತಾಡುತ್ತಿತ್ತು, ಕನ್ನಡದಲ್ಲೊಮ್ಮೆ, ತಮಿಳಿನಲ್ಲೊಮ್ಮೆ: 'ಕಂಪ್ಯೂಟರ್ ಟೀ, 156/200.' ಮುನಿಶಾಮಪ್ಪನಿಗೆ ಅಂದು ಮುನಿಕೃಷ್ಣ ತಾನಾಗಿ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿ ಕೊಟ್ಟ. ನೂರಎಪ್ಪತ್ತಮೂರು. ಸಕ್ಕರೆ ಹಾಕಿದರೆ ಮಾರ್ಕು ಏರುತ್ತದೆ ಎಂಬ ದೊಡ್ಡ ಸಂಶೋಧನೆಯನ್ನು ಅವನು ಯಾವ ವಿದ್ಯೆಯೂ ಇಲ್ಲದೆ ಒಂದೇ ದಿನದಲ್ಲಿ ಮಾಡಿಬಿಟ್ಟಿದ್ದ.

ನೂರೈವತ್ತಾರು ಬಂದ ಸಂಜೆಯೇ ಸುದ್ದಿ ಮುನಿಶಾಮಪ್ಪನಿಗಿಂತ ಮುಂಚೆ ಮನೆ ತಲುಪಿತ್ತು. ತಲುಪಿಸಿದವಳು ಪಕ್ಕದ ಮನೆಯ ರಾಮಕ್ಕ. ಗೋಡೆಯಾಚೆಯಿಂದ ಏನು ಕೇಳಿಸಿದರೂ ಅದು ತನಗೇ ಹೇಳಿದ್ದು ಎಂದು ತಿಳಿಯುವ ಹಿರಿಯ ಹೆಂಗಸು. ಲಕ್ಷ್ಮಿದೇವಮ್ಮ ಅಂದು ಅವರೆಕಾಳಿನ ಸಾರು, ದಂಟಿನ ಸೊಪ್ಪಿನ ಪಲ್ಯ ಮಾಡಿ, ಬಿಸಿ ಮುದ್ದೆ ಹಾಕಿದಳು. ಮುನಿಶಾಮಪ್ಪ ಉಂಡು ಕೈ ತೊಳೆದ. ಅವಳು ತಟ್ಟೆ ಎತ್ತಲಿಲ್ಲ. ಎದುರಿಗೇ ಕೂತಳು.

"ನೋಡಿ ಹೇಳಿ."

"ಏನು?"

"ಮಾರ್ಕು. ಊರಿಗೆಲ್ಲಾ ಹಾಕಿದ್ದೀರಂತೆ."

ಅರ್ಧ ಗಂಟೆ ಕಾದರು. ಫೋನು ನೂರಿಪ್ಪತ್ತನಾಲ್ಕು ಎಂದಿತು. ಇನ್ನೂ ಅರ್ಧ ಗಂಟೆ ಕಾದರು. ನೂರಿಪ್ಪತ್ತೆರಡಕ್ಕೆ ಇಳಿಯಿತು.

ಲಕ್ಷ್ಮಿದೇವಮ್ಮ ಫೋನನ್ನು ನೋಡಿದಳು, ಗಂಡನನ್ನು ನೋಡಿದಳು, ಆಮೇಲೆ ಸಾರಿನ ಪಾತ್ರೆಯನ್ನು ನೋಡಿದಳು.

"ನೀರು ಕುದಿಸೋನಿಗೆ ನೂರೈವತ್ತಾರು. ಎಂಟು ಗಂಟೆಯಿಂದ ಕೂತು ಅವರೆಕಾಯಿ ಬಿಡಿಸಿದೋಳಿಗೆ ನೂರಿಪ್ಪತ್ತೆರಡು. ಮೂವತ್ತು ವರ್ಷ ಇದನ್ನೇ ತಿಂದ್ಕೊಂಡು ಬಂದ್ರಲ್ಲ, ಒಂದಿನ ಬಾಯ್ಬಿಟ್ಟು ಹೇಳ್ಬಾರ್ದಾಗಿತ್ತಾ?"

"ಅದು ಹಂಗಲ್ಲ ಲಕ್ಷ್ಮಿ..."

"ಹೆಂಗೆ ಮತ್ತೆ?"

ಹೆಂಗೆ ಎಂದು ಹೇಳಿದರೆ ಬಾವನಿಗೆ ಗೊತ್ತಾಗುತ್ತದೆ. "ಮಿಷಿನ್ನು ಹೊಸದು, ಇನ್ನೂ ಕಲೀತಾ ಐತೆ" ಎಂದ. ಅವಳು ಎದ್ದು ಹೋದಳು. ಆ ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ತೊಳೆದ ಸದ್ದಿಗೆ ಬೆದರಿ ರಾಮಕ್ಕನ ಮನೆಯ ಎಮ್ಮೆ ಬೆಳಿಗ್ಗೆ ಹಾಲು ಕೊಡದೆ ನಿಂತಿತು.

ಮರುದಿನ ರಾಮಕ್ಕ ಬಾಳೆಎಲೆಯಲ್ಲಿ ಎರಡು ಒಬ್ಬಟ್ಟು ಮುಚ್ಚಿಕೊಂಡು ಬಂದಳು, ಮೇಲೆ ತುಪ್ಪ ಸುರಿದು. "ಸುಮ್ನೆ ಮಾಡಿದ್ದೆ ಕಣಪ್ಪ, ಬಾಯಿಗೆ ಹಾಕ್ಕೋ" ಎಂದು ಕೊಟ್ಟವಳು ಹೋಗದೆ, ಜಗುಲಿಯ ಮೇಲೆ ಮುಕ್ಕಾಲು ಗಂಟೆ ಕೂತಳು. ಫೋನು ತೋರಿಸಿದ್ದು ಇನ್ನೂರ ಒಂಬತ್ತು.

"ಇನ್ನೂರಕ್ಕೆ ಇನ್ನೂರ ಒಂಬತ್ತಾ?"

"ಒಂಬತ್ತು ತುಪ್ಪದ್ದು" ಎಂದ ಮುನಿಶಾಮಪ್ಪ. ಈಗ ಅವನಿಗೆ ಸುಳ್ಳು ಸಲೀಸಾಗಿ ಬರತೊಡಗಿತ್ತು.

ರಾಮಕ್ಕ ಆ ಒಂಬತ್ತನ್ನು ಬೆಳಗಿನ ಡೈರಿಯ ಸಾಲಿನಲ್ಲಿ ಕ್ಯಾನಿನ ಪಕ್ಕ ನಿಂತು ಊರಿಗೆಲ್ಲ ಹಂಚಿದಳು. ಅಲ್ಲಿಂದ ಮುಂದೆ ಮುನಿಶಾಮಪ್ಪನ ತೋಳು ಅವನದಾಗಿ ಉಳಿಯಲಿಲ್ಲ. ಒಬ್ಬರ ಮನೆಯಿಂದ ಕಜ್ಜಾಯ, ಒಬ್ಬರ ಮನೆಯಿಂದ ಕೇಸರಿಬಾತು, ಮೂಲೆಮನೆಯ ಮುನಿವೆಂಕಟಮ್ಮನಿಂದ ಹಲಸಿನ ಹಪ್ಪಳ. ಹಪ್ಪಳಕ್ಕೆ ನೂರಹದಿನೆಂಟೇ ಬಂದು ಅವಳು ಮಾತು ಬಿಟ್ಟಳು. ಮರುದಿನ ಸಕ್ಕರೆ ಪೊಂಗಲಿನೊಂದಿಗೆ ಬಂದು ಮಾತು ಸೇರಿಸಿದಳು. ಒಲ್ಲೆ ಎಂದರೆ 'ನಮ್ಮನೆ ಅಡುಗೆ ಪರೀಕ್ಷೆಗೂ ಬ್ಯಾಡ್ವಾ' ಎಂಬ ಮಾತು. ಮುನಿಶಾಮಪ್ಪ ಹೊಟ್ಟೆ ಸವರಿಕೊಂಡು ತಿಂದ. ನಿಜ ಹೇಳಬೇಕೆಂದರೆ ಅದರಲ್ಲಿ ಅವನಿಗೆ ಅಂಥ ಕಷ್ಟವೇನೂ ಆಗಲಿಲ್ಲ. ದಾರಿಯಲ್ಲಿ ಹೋದರೆ ಎದ್ದು ನಿಲ್ಲುವವರಿದ್ದರು. ಅವನ ಜೀವಮಾನದಲ್ಲಿ ಯಾರೂ ಅವನ ಅಭಿಪ್ರಾಯಕ್ಕೆ ಅರ್ಧ ಗಂಟೆ ಕಾದಿರಲಿಲ್ಲ.

ಸರಳಾ ಮಾತ್ರ ಫೋನು ಮಾಡಿದಳು. ಅವನ ಮೈಯ ಲೆಕ್ಕ ಅವಳಿಗೂ ಕಾಣುತ್ತಿತ್ತು.

"ಅಣ್ಣಾ, ಎನ್ನಣ್ಣಾ ಇದು! ಸಂಜೆ ಆರಕ್ಕೆ ಇನ್ನೂರನಲವತ್ತು! ಸ್ವೀಟ್ ಅಂಗಡಿ ಒಳಗೇನಾದ್ರೂ ಬಿದ್ದು ಹೋದ್ರಾ?"

"ಎಪ್ಪವುಂ ಪೋಲ, ಮೇಡಂ. ಯಾವಾಗ್ಲೂ ತಿನ್ನೋ ಹಂಗೇ" ಎಂದ ಮುನಿಶಾಮಪ್ಪ.

ಆ ಕಡೆಯಿಂದ ಬಹಳ ಹೊತ್ತು ತಮಿಳು ಕೇಳಿಸಿತು.

ಮನೆಯಲ್ಲಿ ಬೇರೆಯೇ ನಡೆದಿತ್ತು. ಆರನೆಯ ದಿನದಿಂದ ಲಕ್ಷ್ಮಿದೇವಮ್ಮನ ಸಾರಿನ ರುಚಿ ಯಾಕೋ ತಿರುಗಿತು. ಹುಳಿಯ ಹಿಂದೆ ಸಣ್ಣಗೆ ಸಿಹಿ. ಎಂಟನೆಯ ದಿನ ಸೊಪ್ಪಿನ ಪಲ್ಯವೂ ಸಿಹಿ. ಒಂಬತ್ತನೆಯ ದಿನ ಮುದ್ದೆಯೇ ಬಾಯಲ್ಲಿ ಕಡುಬಿನಂತೆ ಕರಗಿತು. ಮಾರ್ಕು ನೂರನಲವತ್ತು, ನೂರಐವತ್ತೆರಡು, ನೂರಅರವತ್ತೊಂದು. ಅವಳು ಫೋನು ನೋಡಿ, ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು. ಟೀ ಅಂಗಡಿಯವನನ್ನು ಇನ್ನೂ ದಾಟಿರಲಿಲ್ಲ. ಮುನಿಶಾಮಪ್ಪ ನಾಲಿಗೆ ಸಿಹಿಯಾಗಿದ್ದರೂ ಬಾಯಿ ತೆರೆಯಲಿಲ್ಲ. ಬೆಲ್ಲ ಹಾಕಬೇಡ ಎನ್ನಬೇಕಾದರೆ ಯಾಕೆ ಎಂದೂ ಹೇಳಬೇಕಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ವೆಂಕಟರಮಣಪ್ಪ ಎಲೆಅಡಿಕೆ ತಟ್ಟೆ ಹಿಡಿದುಕೊಂಡು ತಳಿಯಿಂದ ಬಂದರು. ಮಗಳು ವರಲಕ್ಷ್ಮಿಯ ನಿಶ್ಚಿತಾರ್ಥ, ಬರುವ ಭಾನುವಾರ. ಗಂಡಿನ ಕಡೆಯವರೆಲ್ಲ ಒಳ್ಳೆಯವರೇ, ಸೋದರಮಾವ ಜಯರಾಮಯ್ಯ ಒಬ್ಬರನ್ನು ಬಿಟ್ಟು. ರೆವಿನ್ಯೂ ಇನ್ಸ್‌ಪೆಕ್ಟರಾಗಿ ರಿಟೈರಾದವರು. ನೌಕರಿ ಮುಗಿದರೂ ತಪ್ಪು ಹುಡುಕುವ ಕೆಲಸ ಬಿಟ್ಟಿರಲಿಲ್ಲ. ಟೀ ಅಂಗಡಿಯ ಸುದ್ದಿ ತಳಿ ಬಸ್ಸಿನಲ್ಲಿ ಅವರಿಗೂ ಮುಟ್ಟಿತ್ತು. 'ಮಿಷಿನ್ ಇರೋ ಮನುಷ್ಯ ನಿಮ್ಮ ಸಂಬಂಧಿಕನಂತೆ, ಊಟಕ್ಕೆ ಅವನನ್ನ ನನ್ ಪಕ್ಕದಲ್ಲಿ ಕೂರಿಸಿ' ಎಂದು ಹೇಳಿ ಕಳಿಸಿದ್ದರು.

"ಅದೇನದು ಬಾವ, ಮಾರ್ಕು ಹಾಕ್ತದಂತಲ್ಲಾ?" ವೆಂಕಟರಮಣಪ್ಪ ಕನ್ನಡಕ ಏರಿಸಿ ಬಿಲ್ಲೆಯನ್ನು ನೋಡಿದರು.

"ಹೂಂ ಬಾವ. ಕಂಪ್ನೀದು."

"ಒಬ್ಬಟ್ಟು ತಿಂದ್ಮೇಲೆ ಇನ್ನೂರ ಒಂಬತ್ತು?"

"ಹೂಂ."

"ಬರೀ ಹೊಟ್ಟೇಲಿ ಎಷ್ಟು ಕೊಡ್ತದೆ?"

"ಬರೀ ಹೊಟ್ಟೇಲಿ ನೂರಹದಿನಾಲ್ಕು... ಅಂದ್ರೆ, ಅದು ನೀರಿನ ಮಾರ್ಕು."

ವೆಂಕಟರಮಣಪ್ಪನವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಟವಲಿನಿಂದ ಬಾಯಿ ಮುಚ್ಚಿಕೊಂಡು, ಹೆಗಲು ಕುಣಿಸಿಕೊಂಡು, ಬಹಳ ಹೊತ್ತು ಕೆಮ್ಮಿದರು. "ಬನ್ನಿ ಬಾವ, ತಪ್ಪದೆ ಬನ್ನಿ" ಎಂದು ಹೇಳಿ ಹೊರಟುಹೋದರು. ಪಾಪ, ವಯಸ್ಸಾಯಿತು, ಚಳಿ ತಡೆಯುವುದಿಲ್ಲ ಎಂದುಕೊಂಡ ಮುನಿಶಾಮಪ್ಪ.

ಭಾನುವಾರ ತಳಿಯಲ್ಲಿ ಮಂಜು ಹರಿದು ಎಳೆ ಬಿಸಿಲು ಬಿದ್ದಿತ್ತು. ಮನೆಯ ಮುಂದೆ ಶಾಮಿಯಾನ, ಸಾಲು ಮೇಜು, ಒಂದಕ್ಕೊಂದು ಒತ್ತಿ ಹಾಕಿದ ಪ್ಲಾಸ್ಟಿಕ್ ಕುರ್ಚಿ. ಒಳಗೆ ವರಲಕ್ಷ್ಮಿ ಹೂ ಮುಡಿದುಕೊಂಡು ತಯಾರಾಗುತ್ತಿದ್ದಳು. ಮೊದಲು ಊಟ, ಗಂಡಿನ ಕಡೆಯವರ ಪದ್ಧತಿಯಂತೆ ಆಮೇಲೆ ತಾಂಬೂಲ. ಅಡುಗೆಯವನು ಮುರಳಿಕೃಷ್ಣ, ಆ ಸುತ್ತಿನಲ್ಲಿ ಹೆಸರಾದವನು. ಮುನಿಶಾಮಪ್ಪನನ್ನು ಕಂಡವನೇ ಸೌಟು ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದ. "ಅಣ್ಣಾ, ಇವತ್ತು ನನ್ ಮರ್ಯಾದೆ ನಿಮ್ ತೋಳಲ್ಲೈತೆ."

ಮುನಿಶಾಮಪ್ಪನ ಎಡಕ್ಕೆ ಜಯರಾಮಯ್ಯನವರು ಕೂತರು. ದೊಡ್ಡ ದೇಹ. ಅವರ ಮಾತಿನ ಪದ್ಧತಿ ಎಂಥದ್ದೆಂದರೆ, ಕೇಳುವವನ ಮೇಲೆ ಪೂರ್ತಿ ಒರಗದೆ ಮಾತು ಹೊರಡುತ್ತಲೇ ಇರಲಿಲ್ಲ. ಡೆಂಕಣಿಕೋಟೆ ತಾಲ್ಲೂಕಿನಲ್ಲಿ ಒಂದು ಹುಣಿಸೆಮರ ಯಾರ ಹದ್ದಿನಲ್ಲಿದೆ ಎಂದು ತಾವು ಹನ್ನೊಂದು ವರ್ಷ ಅಳತೆ ಮಾಡಿದ ಕಥೆಯನ್ನು, ಕೋಸಂಬರಿಯಿಂದ ಪಾಯಸದವರೆಗೆ, ಮುನಿಶಾಮಪ್ಪನ ಎಡದೋಳಿಗೆ ತಮ್ಮ ಭಾರವನ್ನೆಲ್ಲ ಕೊಟ್ಟು ಹೇಳಿದರು. ಊಟ ಮುಗಿಯಿತು. ಕಥೆ ಮುಗಿಯಲಿಲ್ಲ.

ಯಾರೂ ಕೈ ತೊಳೆಯಲು ಏಳಲಿಲ್ಲ. ನೂರಿಪ್ಪತ್ತು ಜನ ಒಣಗುತ್ತಿರುವ ಕೈಗಳನ್ನು ಎಲೆಯ ಮೇಲೆ ಇಟ್ಟುಕೊಂಡು, ಮುನಿಶಾಮಪ್ಪನ ಫೋನಿನ ಕಡೆ ನೋಡುತ್ತ ಕೂತರು. ಮುರಳಿಕೃಷ್ಣ ಕಂಬ ಹಿಡಿದು ನಿಂತ. ಜಯರಾಮಯ್ಯನವರು ಹುಣಿಸೆಮರದ ಬುಡಕ್ಕೆ ಬಂದಿದ್ದರು.

ಆಗ ಫೋನು ಹೊಡೆದುಕೊಂಡಿತು. ಅದು ಅಂಥ ಸದ್ದು ಮಾಡುತ್ತದೆಂದು ಮುನಿಶಾಮಪ್ಪನಿಗೇ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಿ ಬೆಂಕಿ ಬಿದ್ದಾಗ ಕೂಗುವ ಸೈರನ್ನಿನ ಹಾಗೆ. ಪರದೆ ಕೆಂಪಗಾಗಿ, ನಡುವೆ ಐವತ್ತೆಂಟು ಎಂಬ ಅಂಕಿ.

"ಐವತ್ತೆಂಟು!" ಎಂದರು ಜಯರಾಮಯ್ಯನವರು. ಹಾಗೇ ಮನಸ್ಸಿನಲ್ಲಿ ಲೆಕ್ಕ ಹಾಕಿ, ಎದ್ದು ನಿಂತರು. "ಇನ್ನೂರಕ್ಕೆ ಐವತ್ತೆಂಟು ಅಂದ್ರೆ ಇಪ್ಪತ್ತೊಂಬತ್ತು ಪರ್ಸೆಂಟು! ಇಪ್ಪತ್ತೊಂಬತ್ತು ಪರ್ಸೆಂಟಿನ ಊಟಾನ ನಾನು ಎರಡನೇ ಸಲ ಹಾಕಿಸ್ಕೊಂಡು ಉಂಡೆನಾ?"

"ಟೀ ಅಂಗಡಿಯವನಿಗೇ ನೂರಎಪ್ಪತ್ತಮೂರು" ಎಂದಿತು ಗಂಡಿನ ಕಡೆಯ ಒಂದು ದನಿ.

"ಫೇಲು! ಅದಕ್ಕೇ ಕೆಂಪಗೆ ತೋರಿಸ್ತಾ ಐತೆ!"

ಗಂಡಿನ ಕಡೆಯವರು ಗುಸುಗುಸು ಎನ್ನತೊಡಗಿದರು. ಇಬ್ಬರು ಚಪ್ಪಲಿ ಹುಡುಕಿಕೊಂಡರು. ಬಾವನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ಬಾಗಿಲ ಬಳಿ ವರಲಕ್ಷ್ಮಿ ಬಂದು ನಿಂತಿದ್ದಳು. ಚಿಕ್ಕವಳಿದ್ದಾಗ ಮುನಿಶಾಮಪ್ಪನ ಹೆಗಲ ಮೇಲೆ ಕೂತು ಕೆಲಮಂಗಲದ ಸಂತೆ ನೋಡಿದ ಮಗು. ಅವಳ ಮುಖ ಕಂಡದ್ದೇ ಮುನಿಶಾಮಪ್ಪನಿಗೆ ಹತ್ತು ವರ್ಷದ ಭಾಷಣ, ಬಾವನ ಎದುರಿನ ಮಾನ, ಯಾವುದೂ ದೊಡ್ಡದೆನಿಸಲಿಲ್ಲ. ಕುರ್ಚಿ ಹತ್ತಿ ನಿಂತ.

"ಇದು ಮಾರ್ಕಲ್ಲ! ಸಕ್ಕರೆ! ಸಕ್ಕರೆ ಕಮ್ಮಿ ಐತೆ ಅಂತ ಹೇಳ್ತಾ ಐತೆ!"

ಮುರಳಿಕೃಷ್ಣ ಕಂಬ ಬಿಟ್ಟು ಮುಂದೆ ಬಂದ. "ಏನಂದೆ? ಪಾಯಸಕ್ಕೆ ಹದಿನಾಲ್ಕು ಕೇಜಿ ಸಕ್ಕರೆ ಸುರಿದಿದ್ದೀನಿ, ಕಮ್ಮಿನಾ?"

"ಪಾಯಸಕ್ಕಲ್ಲಪ್ಪಾ! ನನಗೆ! ನನಗೆ ಸಕ್ಕರೆ ಜಾಸ್ತಿ!"

"ಈಗ ಜಾಸ್ತಿ ಅಂತಾನೆ!"

"ಒಂದು ಮಾತು ಹೇಳ್ಲಾ, ಕಮ್ಮಿನೋ ಜಾಸ್ತಿನೋ!"

"ಎರಡೂ!" ಎಂದ ಮುನಿಶಾಮಪ್ಪ, ಅಳುವ ದನಿಯಲ್ಲಿ. "ನನಗೆ ಸಕ್ಕರೆ ಕಾಯಿಲೆ ಐತೆ! ಇದು ಸಕ್ಕರೆ ನೋಡೋ ಮಿಷಿನ್ನು! ನಾನು ಹೇಳಿದ್ದೆಲ್ಲಾ ಸುಳ್ಳು!"

ವೆಂಕಟರಮಣಪ್ಪ ಜನರನ್ನು ತಳ್ಳಿಕೊಂಡು ಬಂದು ಫೋನು ಕಿತ್ತುಕೊಂಡರು. ಕೆಂಪು ಅಂಕಿ ನೋಡಿದವರ ಮುಖ ಬಿಳಿಚಿಕೊಂಡಿತು.

"ಅಯ್ಯಯ್ಯೋ, ಐವತ್ತೆಂಟು! ಸಕ್ಕರೆ ಇಳಿದು ಹೋಗೈತೆ! ಬಾವ ಬಿದ್ದೋಯ್ತಾರೆ, ಹಿಡ್ಕಳ್ರೋ! ಪಾಯಸ ತತ್ತಾ!"

ಮುನಿಶಾಮಪ್ಪ ಬೀಳುವ ಯಾವ ಲಕ್ಷಣವೂ ಇರಲಿಲ್ಲ. ಆದರೆ ಆರು ಜನ ಸೇರಿ ಅವನನ್ನು ಕುರ್ಚಿಯಿಂದ ಇಳಿಸಿ ಚಾಪೆಯ ಮೇಲೆ ಬೀಳಿಸಿದರು. ವೆಂಕಟರಮಣಪ್ಪ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪಾಯಸ ಕುಡಿಸಿದರು. ಮುರಳಿಕೃಷ್ಣ ಒಬ್ಬಟ್ಟು ತುರುಕಿದ. ಜಯರಾಮಯ್ಯನವರು ಎಲೆ ಹಿಡಿದು ಗಾಳಿ ಹಾಕಿದರು. ಮುನಿಶಾಮಪ್ಪ "ನಂಗೇನೂ ಆಗಿಲ್ಲ" ಎಂದು ಬಾಯಿ ತೆರೆದಾಗಲೆಲ್ಲ ಒಂದು ಲಾಡು ಒಳಗೆ ಹೋಯಿತು.

ಸ್ವಲ್ಪ ಹೊತ್ತಿಗೆ ಅಂಕಿ ಕದಲಿತು. ವೆಂಕಟರಮಣಪ್ಪ ಗಟ್ಟಿಯಾಗಿ ಓದಿದರು. "ಎಂಬತ್ತಾರು!" ಜನ ಉಸಿರು ಬಿಟ್ಟರು. "ನೂರನಲವತ್ತು!" ಯಾರೋ ಚಪ್ಪಾಳೆ ತಟ್ಟಿದರು. "ನೂರತೊಂಬತ್ತು! ಇನ್ನೂರಹದಿನೈದು! ಇನ್ನೂರಮೂವತ್ತೊಂದು!" ಎನ್ನುವಷ್ಟರಲ್ಲಿ ಶಾಮಿಯಾನದಲ್ಲಿ ಕೇಕೆ ಎದ್ದಿತ್ತು. ಮುರಳಿಕೃಷ್ಣ ಮೀಸೆ ಒರೆಸಿಕೊಂಡು, "ನಾನಾಗ್ಲೇ ಹೇಳಿದ್ನಲ್ಲ, ಅಡುಗೆ ಫಸ್ಟ್ ಕ್ಲಾಸು ಅಂತ" ಎಂದ. ಇದು ಮಾರ್ಕಲ್ಲ ಎಂಬ ಮಾತನ್ನು ಅಲ್ಲಿ ಅರ್ಧ ಜನ ಇನ್ನೂ ನಂಬಿರಲಿಲ್ಲ.

ಜಯರಾಮಯ್ಯನವರು ಮಾತ್ರ ಗಾಳಿ ಹಾಕುವುದನ್ನು ನಿಲ್ಲಿಸಿ, ಬಗ್ಗಿ, ಸಣ್ಣ ದನಿಯಲ್ಲಿ, "ನನಗೂ ಐತೆ ಕಣಪ್ಪ. ಹದಿನೆಂಟು ವರ್ಷದಿಂದ. ಮನೇಲಿ ಗೊತ್ತಿಲ್ಲ" ಎಂದರು. ಸಣ್ಣ ದನಿ ಎಂದುಕೊಂಡದ್ದು ಅವರು. ಅದು ಗೇಟಿನವರೆಗೆ ಕೇಳಿಸಿತು. ಅವರ ಹೆಂಡತಿ "ಏನು?" ಎಂದರು. ಮುರಳಿಕೃಷ್ಣ ತಲೆ ತಗ್ಗಿಸಿ, "ನನಗೂ ಎಂಟು ವರ್ಷ ಆಯ್ತು. ಅಡುಗೆಯವನಿಗೆ ಐತೆ ಅಂದ್ರೆ ಕೆಲಸ ಕೊಡಲ್ಲ ಅಂತ ಹೇಳಿರಲಿಲ್ಲ" ಎಂದ. ಆಮೇಲೆ ಆಚೆ ಮೇಜಿನಿಂದ ಒಬ್ಬರು, ಈಚೆಯಿಂದ ಇಬ್ಬರು. ನೋಡನೋಡುತ್ತ ಎರಡೂ ಕಡೆಯವರು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಬಣ್ಣ ಹೋಲಿಸಿಕೊಳ್ಳತೊಡಗಿದರು. ಬೀಗರ ನಡುವೆ ಅಷ್ಟು ಬೇಗ ಅಷ್ಟು ಸಲಿಗೆ ಬೆಳೆದದ್ದನ್ನು ತಳಿಯಲ್ಲಿ ಯಾರೂ ಕಂಡಿರಲಿಲ್ಲ. ತಾಂಬೂಲ ತಕರಾರಿಲ್ಲದೆ ಬದಲಾಯಿತು. ವರಲಕ್ಷ್ಮಿ ಕಣ್ಣೊರೆಸಿಕೊಂಡು ನಗುತ್ತ, ಚಾಪೆಯ ಮೇಲೆಯೇ ಕೂತಿದ್ದ ಮಾವನ ಕಾಲಿಗೆ ಬಿದ್ದಳು.

"ಬಾವ, ನನ್ನ ಕ್ಷಮಿಸ್ಬೇಕು" ಎಂದ ಮುನಿಶಾಮಪ್ಪ, ಎಲ್ಲರೂ ಚದುರಿದ ಮೇಲೆ.

"ಇನ್ನೂರ ಒಂಬತ್ತು ಅಂದಾಗ್ಲೇ ನನಗೆ ಗೊತ್ತಾಯ್ತು."

"ಮತ್ತೆ ಹೇಳ್ಬಾರ್ದಾಗಿತ್ತಾ?"

"ಹತ್ತು ವರ್ಷ ನೀವು ರಾಗಿ ಬಗ್ಗೆ ಹೇಳಿದ್ರಿ, ನಾನು ಕೇಳಿಸ್ಕೊಂಡೆ. ನಾಲ್ಕು ದಿನ ನಾನು ಒಬ್ಬನೇ ನಗೋಣ ಅಂದ್ಕೊಂಡೆ." ವೆಂಕಟರಮಣಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಆದ್ರೆ ಆ ಕೆಂಪು ನೋಡಿ ಪ್ರಾಣ ಹೋಯ್ತು ಕಣ್ರೀ."

ಲಕ್ಷ್ಮಿದೇವಮ್ಮ ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ಹತ್ತಿರ ಬಂದು ಗಂಡನ ತೋಳಿನ ಬಿಲ್ಲೆಯನ್ನು ಮೊದಲ ಸಲ ಬೆರಳಲ್ಲಿ ಮುಟ್ಟಿದಳು. "ನಾನು ಸಾರಿಗೆಲ್ಲಾ ಬೆಲ್ಲ ಹಾಕಿದ್ನಲ್ರೀ..." ಎಂದವಳೇ ಅಳುತ್ತ, ಅಳುತ್ತಲೇ ಅವನ ಭುಜಕ್ಕೆ ಒಂದು ಗುದ್ದು ಕೊಟ್ಟಳು. ಫೋನು ಸದ್ಯ ಕೂಗಲಿಲ್ಲ.

ಹದಿನೈದನೆಯ ದಿನ ಸರಳಾ ಬಿಲ್ಲೆ ಕಿತ್ತು, ಕಂಪ್ಯೂಟರಿನಲ್ಲಿ ಗೆರೆ ತೋರಿಸಿದಳು. ಲಕ್ಷ್ಮಿದೇವಮ್ಮನೂ ಜೊತೆಗೆ ಹೋಗಿದ್ದಳು. ಐವತ್ತೆಂಟರ ಕಥೆ ಕೇಳಿ ಸರಳಾ ಮೇಜಿಗೆ ತಲೆ ಹಚ್ಚಿ ನಕ್ಕಳು. ಆ ಬಿಲ್ಲೆಯ ಮೇಲೆ ಭಾರ ಬಿದ್ದರೆ ಅದು ಸುಳ್ಳೇ ಕಮ್ಮಿ ತೋರಿಸುತ್ತದಂತೆ. ಜಯರಾಮಯ್ಯನವರ ಹುಣಿಸೆಮರ ಅದನ್ನು ಒತ್ತಿಹಾಕಿತ್ತು, ಅಷ್ಟೇ.

"ಈ ಬೆಟ್ಟಗಳು ನೋಡಿ ಅಣ್ಣಾ. ಇದು ಟೀ, ಬನ್ನು. ಇದು ಒಬ್ಬಟ್ಟು. ಇದೋ, ಮೊದಲನೇ ದಿನ ರಾಗಿ ಅಂತ ಧೈರ್ಯವಾಗಿ ಎರಡೂವರೆ ಮುದ್ದೆ ಹೊಡೆದಿದ್ದೀರ, ನೂರಎಂಬತ್ತು. ರಾಗಿ ಆದ್ರೂ ಲೆಕ್ಕಕ್ಕಿರ್ಬೇಕು."

ಮುನಿಶಾಮಪ್ಪ ತನ್ನ ಸತ್ಯ ನೆಲಕ್ಕೆ ಬಿದ್ದದ್ದನ್ನು ನೋಡಿದ.

"ಈ ಬಯಲಿನ ಥರ ಇರೋದು?" ಎಂದಳು ಲಕ್ಷ್ಮಿದೇವಮ್ಮ.

"ಅದೇ ಅಕ್ಕಾ ಚೆನ್ನಾಗಿರೋದು! ಒಂದೇ ಮುದ್ದೆ, ತುಂಬಾ ಕಾಳು, ಸೊಪ್ಪು. ಏರೇ ಇಲ್ಲ ನೋಡಿ. ಯಾರು ಮಾಡಿದ್ದು?"

ಲಕ್ಷ್ಮಿದೇವಮ್ಮ ಸೆರಗು ಸರಿಮಾಡಿಕೊಂಡಳು.

"ಆದ್ರೆ ಆರನೇ ದಿನದಿಂದ ಮನೆ ಊಟವೂ ಬೆಟ್ಟ ಹತ್ತಿದೆ. ಏನಾಯ್ತು?"

ಲಕ್ಷ್ಮಿದೇವಮ್ಮ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಏನೋ ಹುಡುಕತೊಡಗಿದಳು. "ಬೆಲ್ಲದ ಡಬ್ಬ ಕೈತಪ್ಪಿತ್ತಂತೆ ಮೇಡಂ" ಎಂದ ಮುನಿಶಾಮಪ್ಪ. ಆ ಹದಿನೈದು ದಿನಗಳಲ್ಲಿ ಅವನು ಹೇಳಿದ ಸುಳ್ಳುಗಳಲ್ಲಿ ಪುಣ್ಯ ಬರುವಂಥದ್ದು ಅದೊಂದೇ.

ಬಸ್ಸು ಉದ್ದನಪಲ್ಲಿ ತಿರುವು ದಾಟಿತು. ಲಕ್ಷ್ಮಿದೇವಮ್ಮ ಕಿಟಕಿಯಾಚೆ ನೋಡುತ್ತಲೇ ಹೇಳಿದಳು. "ಕಾಯಿಲೆ ಮುಚ್ಚಿಟ್ರಿ, ಹೋಗ್ಲಿ. ಇನ್ಮೇಲೆ ಊಟ ಹೆಂಗೈತೆ ಅಂತ ಫೋನಲ್ಲಿ ನೋಡಿ ಹೇಳ್ಬೇಡಿ. ಬಾಯಲ್ಲಿ ಹೇಳಿ."

ಮನೆಗೆ ಬಂದು ಅವಳು ಅಡುಗೆ ಮಾಡಿದಳು. ಒಂದು ಮುದ್ದೆ, ಹುರುಳಿಕಾಳಿನ ಸಾರು, ಮೂಲಂಗಿ ಪಲ್ಯ. ಬೆಲ್ಲದ ಡಬ್ಬ ಅಟ್ಟ ಸೇರಿತ್ತು. ಬಡಿಸಿ, ಸೌಟು ಹಿಡಿದು ಎದುರಿಗೆ ನಿಂತಳು. ಮುನಿಶಾಮಪ್ಪ ಒಂದು ತುತ್ತು ತಿಂದ. ಇನ್ನೊಂದು ತಿಂದ. ಮೂವತ್ತು ವರ್ಷದಿಂದ ಆಡದೆ ಉಳಿದ ಮಾತನ್ನು ಹುಡುಕುತ್ತ ಮುದ್ದೆಯನ್ನು ಸಾರಿನಲ್ಲಿ ಅದ್ದಿದ, ಮತ್ತೆ ಅದ್ದಿದ. ಹಣೆಯ ಮೇಲೆ ಬೆವರು ಮೂಡಿತು. ಕೊನೆಗೆ ತಟ್ಟೆಯ ಕಡೆಗೇ ನೋಡುತ್ತ ಹೇಳಿದ.

"ಸಾರು ಚೆನ್ನಾಗೈತೆ ಲಕ್ಷ್ಮಿ. ಯಾವಾಗ್ಲೂ ಚೆನ್ನಾಗೇ ಇರ್ತಿತ್ತು."

ಲಕ್ಷ್ಮಿದೇವಮ್ಮ ಗಂಡನ ಮುಖವನ್ನು ಬಿಟ್ಟಕಣ್ಣು ಬಿಟ್ಟಂತೆ ನೋಡಿದಳು. ಬೆವರು ನೋಡಿದಳು. ಸೌಟು ಕೆಳಗಿಟ್ಟು ಸರಸರನೆ ಒಳಗೆ ಹೋದಳು. ಅಡುಗೆಮನೆಯಿಂದ ಅವಳು ಫೋನಿನಲ್ಲಿ ಪಿಸುಗುಟ್ಟುವುದು ಕೇಳಿಸಿತು.

"ಅಣ್ಣಾ, ಇವ್ರು ಸಾರು ಚೆನ್ನಾಗೈತೆ ಅಂದ್ಬುಟ್ರು. ಬೆವರ್ತಾನೂ ಅವ್ರೆ. ಸಕ್ಕರೆ ಇಳಿದ್ರೆ ಹಿಂಗೆಲ್ಲಾ ಮಾತಾಡ್ತಾರಾ?"